ಗೋಲು ಹೊಡೆದವಳ ಲೆಕ್ಕ ಎಲ್ಲಿ?

ಎಲ್ವೆರಾ ಬ್ರಿಟ್ಟೊ ಎಂಬ ಹೆಸರನ್ನು ಒಂದು ಮಧ್ಯಾಹ್ನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ನೋಡಿದೆ. ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಹನ್ನೊಂದು ಜನ ಶಿಕ್ಷಕಿಯರಲ್ಲಿ ಒಬ್ಬರು 'ಯಾವ ಧಾರಾವಾಹಿಯವರು ಮೇಡಂ?' ಎಂದರು. ಇನ್ನೊಬ್ಬರು ಗೋವಾ ಕಡೆಯ ಹಾಡುಗಾರ್ತಿ ಇರಬೇಕೆಂದರು. ಉಳಿದವರು ಹುಳಿ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ಅದೇ ಹನ್ನೊಂದು ಜನಕ್ಕೂ ವಿರಾಟ್ ಕೊಹ್ಲಿಯ ಹೆಂಡತಿ ಯಾರು, ಮಗಳ ಹೆಸರೇನು, ಮದುವೆಯಲ್ಲಿ ತೊಟ್ಟ ಉಡುಪಿನ ಬಣ್ಣ ಯಾವುದು, ಎಲ್ಲ ಗೊತ್ತು. ಅವರನ್ನು ದೂರಿ ಫಲವಿಲ್ಲ. ಗೊತ್ತಾಗುವ ಹಾಗೆ ಯಾರೂ ಅವರಿಗೆ ಹೇಳಲೇ ಇಲ್ಲ.

ಹಾಗಾಗಿ ಹೇಳುತ್ತೇನೆ, ಕೇಳಿ. ಎಲ್ವೆರಾ ಬ್ರಿಟ್ಟೊ ನಮ್ಮ ಬೆಂಗಳೂರಿನವರು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದಲ್ಲಿ, 1960ರಿಂದ 1967ರ ತನಕ, ಅವರೂ ಅವರ ಸಹೋದರಿಯರಾದ ರೀಟಾ ಮತ್ತು ಮೇ ಇಬ್ಬರೂ ರಾಜ್ಯದ ಮಹಿಳಾ ಹಾಕಿ ತಂಡದಲ್ಲಿ ಆಡಿದರು. ಒಂದೇ ಮನೆಯ ಮೂವರು ಹೆಣ್ಣು ಮಕ್ಕಳು! ಎಲ್ವೆರಾ ಮುನ್ನಡೆಸಿದ ಆ ತಂಡ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಒಂದಲ್ಲ, ಎರಡಲ್ಲ, ಏಳು. ಭಾರತದ ಪರವಾಗಿ ಅವರು ಆಸ್ಟ್ರೇಲಿಯಾ, ಸಿಲೋನ್, ಜಪಾನ್ ತಂಡಗಳ ಎದುರು ಆಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಹಾಕಿ ಆಡುವ ಹೆಂಗಸರಲ್ಲಿ ಅವರಿಗಿಂತ ಮೊದಲು ಆ ಪ್ರಶಸ್ತಿ ಪಡೆದವರು ಆನ್ ಲಮ್ಸ್‌ಡೆನ್ ಒಬ್ಬರೇ, 1961ರಲ್ಲಿ. ಆಟ ನಿಲ್ಲಿಸಿದ ಮೇಲೂ ಎಲ್ವೆರಾ ಮನೆಯಲ್ಲಿ ಕೂರಲಿಲ್ಲ. ರಾಜ್ಯ ಮಹಿಳಾ ಹಾಕಿ ಸಂಸ್ಥೆಗೆ ಎಂಟು ವರ್ಷ ಅಧ್ಯಕ್ಷರಾಗಿದ್ದರು, ತಂಡ ಆರಿಸುವ ಸಮಿತಿಯಲ್ಲಿ ದುಡಿದರು. 2022ರ ಏಪ್ರಿಲ್ 26ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಮರುದಿನದ ಪತ್ರಿಕೆಗಳನ್ನು ನಾನು ಹುಡುಕಿ ಹುಡುಕಿ ಓದಿದೆ. ಏಳು ಪ್ರಶಸ್ತಿ ಎಂದಿತ್ತು, ಅರ್ಜುನ ಎಂದಿತ್ತು, 'ಶೋಕ ವ್ಯಕ್ತಪಡಿಸಿದ್ದಾರೆ' ಎಂದಿತ್ತು. ಎಷ್ಟು ಪಂದ್ಯ ಆಡಿದರು, ಆ ಏಳು ವರ್ಷಗಳಲ್ಲಿ ಆ ಮೂವರು ಸಹೋದರಿಯರ ಕೋಲಿನಿಂದ ಎಷ್ಟು ಗೋಲು ಬಂತು, ಯಾವ ಫೈನಲಿನಲ್ಲಿ ಯಾರು ಹೊಡೆದರು, ಯಾರು ತಡೆದರು, ನಾನು ಓದಿದ ಯಾವುದರಲ್ಲೂ ಒಂದು ಸಾಲು ಇರಲಿಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ 2021ರಲ್ಲಿ ನಿವೃತ್ತಿ ಹೇಳಿದಾಗ ಅದೇ ಸಂಜೆ ಎಲ್ಲರ ಬಾಯಲ್ಲೂ ಲೆಕ್ಕವಿತ್ತು: 264 ಪಂದ್ಯ, 72 ಗೋಲು. ಸಂತೋಷ. ನಮ್ಮ ಹುಡುಗ, ನಮ್ಮ ಕೊಡಗಿನವನು, ಅವನ ಲೆಕ್ಕ ಇರಲೇಬೇಕು. ನಾನು ಕೇಳುವುದು ಇಷ್ಟೇ: ಅವನಿಗಿದ್ದ ಗುಮಾಸ್ತ ಆ ಮೂವರು ಅಕ್ಕತಂಗಿಯರಿಗೆ ಯಾಕೆ ಇರಲಿಲ್ಲ?

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದು ಒಂದು ರಟ್ಟಿನ ಚೂರಿನಿಂದ. ನಮ್ಮ ನಾಗರಬಾವಿಯ ಎದುರು ಸಾಲಿನ ಮನೆಯವರ ಮೊಮ್ಮಗ ಬೇಸಗೆ ರಜೆಗೆ ಕೆನಡಾದಿಂದ ಬಂದಿದ್ದ. ಹನ್ನೆರಡು ವರ್ಷದ ಹುಡುಗ, ನನ್ನ ಬಳಿ ಕನ್ನಡ ಅಕ್ಷರ ತಿದ್ದಲು ಬರುತ್ತಿದ್ದ. ಅವನ ಚೀಲದಲ್ಲಿ ಒಂದು ಆಲ್ಬಮ್, ಅದರ ತುಂಬ ಇಸ್ಪೀಟು ಎಲೆಯಷ್ಟು ದೊಡ್ಡ ಕಾರ್ಡುಗಳು. 'ಆಂಟಿ, ಇದು ಹಾಕಿ' ಎಂದ. ನೋಡಿದರೆ ತಲೆಗೆ ಶಿರಸ್ತ್ರಾಣ, ಮೈಗೆ ಹಾಸಿಗೆಯಂತಹ ಅಂಗಿ, ಕಾಲಿಗೆ ಕತ್ತಿ ಕಟ್ಟಿಕೊಂಡ ಗಂಡಸರು. ಅವರ ಹಾಕಿ ಮಂಜುಗಡ್ಡೆಯ ಮೇಲಿನದು. ಚೆಂಡಿಲ್ಲ, ರಬ್ಬರಿನ ಬಿಲ್ಲೆ. ನಮ್ಮ ಹಾಕಿಯನ್ನು ಅಲ್ಲಿ 'ಮೈದಾನದ ಹಾಕಿ' ಎಂದು ಪ್ರತ್ಯೇಕವಾಗಿ ಹೇಳಬೇಕಂತೆ. ಒಳ್ಳೆಯ ಕಥೆ, ಮನೆ ಮಗಳಿಗೇ ಗುರುತಿನ ಚೀಟಿ ಕೇಳಿದ ಹಾಗೆ!

ಅವುಗಳಲ್ಲಿ ಒಂದು ಕಾರ್ಡು ಮಾತ್ರ ಹಳೆಯದು, ಎಂಬತ್ತರ ದಶಕದ್ದು. ಅಂಚು ಸವೆದು ಮೂಲೆ ಮಡಿಚಿತ್ತು. ಹುಡುಗನ ಅಪ್ಪ ಓದಲು ಹೋಗಿದ್ದಾಗ ಹಳೆ ಸಾಮಾನಿನ ಮಾರಾಟದಲ್ಲಿ ಪುಡಿಗಾಸಿಗೆ ಕೊಂಡದ್ದಂತೆ. ವೇನ್ ಗ್ರೆಟ್ಸ್ಕಿ ಎಂಬ ಆಟಗಾರನದು. ಮುಂಭಾಗದಲ್ಲಿ ಚಿತ್ರ. ನಾನು ಮೇಷ್ಟರಮ್ಮ, ಏನು ಸಿಕ್ಕಿದರೂ ತಿರುಗಿಸಿ ನೋಡುವ ಅಭ್ಯಾಸ. ತಿರುಗಿಸಿದರೆ ಹಿಂದೆ ಥೇಟು ನಮ್ಮ ಅಂಕಪಟ್ಟಿ. ವರ್ಷ, ತಂಡ, ಆಡಿದ ಪಂದ್ಯ, ಗೋಲು, ಅದರ ಪಕ್ಕ ಇನ್ನೊಂದು ಅಂಕಣ. 'ಇದೇನಪ್ಪ?' ಎಂದೆ. 'ಬೇರೆಯವರು ಗೋಲು ಹೊಡೆಯೋಕೆ ಇವನು ಪಾಸ್ ಕೊಟ್ಟಿದ್ದು' ಎಂದ ಹುಡುಗ.

ಆ ಅಂಕಣ ನನ್ನನ್ನು ಹಿಡಿದು ಕೂರಿಸಿತು. ಗೋಲು ಹೊಡೆದವನ ಹೆಸರು ಬರೆಯುವುದು ಸರಿ, ಯಾರಾದರೂ ಬರೆಯುತ್ತಾರೆ. ಹೊಡೆಯುವಂತೆ ಮಾಡಿಕೊಟ್ಟವನ ಹೆಸರನ್ನೂ ಅಷ್ಟೇ ನಿಷ್ಠೆಯಿಂದ ಬರೆದಿಡುತ್ತಾರಲ್ಲ! ಆಮೇಲೆ ಆ ಗ್ರೆಟ್ಸ್ಕಿಯ ವಿವರ ಓದಿದೆ. ಹದಿನೆಂಟು ವರ್ಷ ತುಂಬಿದ 1978-79ರ ಋತುವಿನಲ್ಲಿ 80 ಪಂದ್ಯ ಆಡಿ 46 ಗೋಲು ಹೊಡೆದ, ಮಾಡಿಕೊಟ್ಟದ್ದು 64. ಆಮೇಲೆ ದೊಡ್ಡ ಲೀಗಿನಲ್ಲಿ 1999ರಲ್ಲಿ ನಿಲ್ಲಿಸುವ ಹೊತ್ತಿಗೆ 894 ಗೋಲು, ಮಾಡಿಕೊಟ್ಟದ್ದು 1963. ಗೋಲಿನ ದಾಖಲೆಯನ್ನು 2025ರ ಏಪ್ರಿಲ್ 6ರಂದು ಒವೆಚ್ಕಿನ್ ಎಂಬ ರಷ್ಯಾದವನು ಮುರಿದ. ಮಾಡಿಕೊಟ್ಟದ್ದರ ಹತ್ತಿರಕ್ಕೆ ಇನ್ನೂ ಯಾರೂ ಸುಳಿದಿಲ್ಲ. ಲೋಕ ಅವನನ್ನು ಗೋಲಿನ ರಾಜ ಎಂದು ಕೊಂಡಾಡುತ್ತದೆ, ಆದರೆ ಅವನ ಲೆಕ್ಕದಲ್ಲಿ ಕೊಟ್ಟದ್ದು ಹೊಡೆದದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಬರೆದಿಟ್ಟಿರುವುದರಿಂದ ಗೊತ್ತಾಯಿತು. ಇಲ್ಲದಿದ್ದರೆ? ನಮ್ಮ ಹಾಕಿಯ ಸ್ಕೋರ್ ಶೀಟಿನಲ್ಲಿ ಗೋಲು ಹೊಡೆದವರ ಹೆಸರುಂಟು, ಚೆಂಡು ಕೊಟ್ಟವರ ಅಂಕಣವಿಲ್ಲ. ಓದುತ್ತಿರುವ ಅಕ್ಕತಂಗಿಯರೇ, ಈ ಅಂಕಣವಿಲ್ಲದ ಪಟ್ಟಿ ನಿಮಗೆ ಎಲ್ಲೋ ನೋಡಿದ ಹಾಗೆ ಅನ್ನಿಸುವುದಿಲ್ಲವೇ? ಮಗನಿಗೆ ರ‍್ಯಾಂಕ್ ಬಂದಾಗ ಪತ್ರಿಕೆಯಲ್ಲಿ ಯಾರ ಫೋಟೋ ಬರುತ್ತದೆ, ಬೆಳಗಿನ ನಾಲ್ಕೂವರೆಗೆ ಎದ್ದು ಕಾಫಿ ಕಾಯಿಸಿ ಅವನನ್ನು ಎಬ್ಬಿಸಿದವರು ಯಾರು?

ಗ್ರೆಟ್ಸ್ಕಿಯ ಮೊದಲ ಕಾರ್ಡು, 1979ರದು, ಕೆನಡಾದ ಓ-ಪೀ-ಚೀ ಎಂಬ ಚೂಯಿಂಗ್ ಗಮ್ ಕಂಪನಿಯದು. ಮಕ್ಕಳು ಚಿಲ್ಲರೆ ಕೊಟ್ಟು ಗಮ್ ಕೊಂಡರೆ ಜೊತೆಗೆ ಬರುತ್ತಿತ್ತು. ಅದರ ಒಂದು ಕಲೆಯಿಲ್ಲದ ಪ್ರತಿ 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ 27 ಕೋಟಿ ರೂಪಾಯಿಗೂ ಮೇಲೆ. ಅಷ್ಟು ದುಡ್ಡು ಕೊಟ್ಟವನ ಬುದ್ಧಿಯ ಬಗ್ಗೆ ನಾನು ಮಾತಾಡುವುದಿಲ್ಲ. ದುಡ್ಡಿನ ಮಾತು ಬಿಡಿ. ಮಿಠಾಯಿ ಮಾರುವವನು ಕೂಡ ಆಟಗಾರನ ಲೆಕ್ಕವನ್ನು ತಪ್ಪಿಲ್ಲದೆ ಅಚ್ಚು ಹಾಕಿ ಪುಟ್ಟ ಮಕ್ಕಳ ಕೈಗೆ ಕೊಟ್ಟನಲ್ಲ, ಅದನ್ನು ನೋಡಿ.

ನಮ್ಮಲ್ಲೂ ಕಾರ್ಡುಗಳಿದ್ದವು. ತೊಂಬತ್ತರ ದಶಕದಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಪಾಠದ ನಡುವೆ ಬೆಂಚಿನ ಕೆಳಗೆ ಹರಿದಾಡುತ್ತಿದ್ದ ಟ್ರಂಪ್ ಕಾರ್ಡುಗಳನ್ನು ಕಿತ್ತಿಟ್ಟು ನನ್ನ ಮೇಜಿನ ಡ್ರಾಯರು ತುಂಬಿಹೋಗಿತ್ತು. ಕ್ರಿಕೆಟಿಗರ ರನ್ನು ವಿಕೆಟ್ಟು, ಅಮೆರಿಕದ ಕುಸ್ತಿಯವರ ಎತ್ತರ ತೂಕ ಎದೆಯ ಅಳತೆ. ನಾಗರಬಾವಿಯ ಹುಡುಗನಿಗೆ ಅಂಡರ್‌ಟೇಕರ್ ಎಂಬ ಮಹಾಶಯನ ತೂಕ ಕಂಠಪಾಠ. ಆ ಕಟ್ಟುಗಳಲ್ಲಿ ಹಾಕಿ ಆಟಗಾರನ ಕಾರ್ಡು ಒಂದೂ ಇರಲಿಲ್ಲ, ಹೆಂಗಸಿನ ಕಾರ್ಡಂತೂ ಕನಸಿನ ಮಾತು.

ಈ ಮಾತು ತೆಗೆದರೆ ಕೆಲವರು ತಕ್ಷಣ ಹೇಳುವುದುಂಟು: 'ಮೇಡಂ, ಆ ಕಾಲದಲ್ಲಿ ಗಂಡಸರದ್ದೂ ಸರಿಯಾಗಿ ಬರೆದಿಡಲಿಲ್ಲ. ಧ್ಯಾನ್‌ಚಂದರ ಗೋಲನ್ನೇ ಒಬ್ಬರು ನಾನೂರು ಎನ್ನುತ್ತಾರೆ, ಇನ್ನೊಬ್ಬರು ಐನೂರೆಪ್ಪತ್ತು ಎನ್ನುತ್ತಾರೆ.' ಹೌದು ಸ್ವಾಮಿ. ಆದರೆ ಅವರ ಗೋಲಿನ ಬಗ್ಗೆ ಜಗಳವಾಡುವವರಾದರೂ ಇದ್ದಾರೆ. 1952ರಲ್ಲಿ ಅವರ ಆತ್ಮಕಥೆ ಅಚ್ಚಾಯಿತು, ಅದರ ಹೆಸರೇ 'ಗೋಲ್'. ಎಲ್ವೆರಾ ಆಡುತ್ತಿದ್ದ ದಿನಗಳಲ್ಲೇ, 1964ರಲ್ಲಿ, ನಮ್ಮ ಗಂಡಸರ ತಂಡ ಟೋಕಿಯೋದಲ್ಲಿ ಒಲಿಂಪಿಕ್ ಚಿನ್ನ ಗೆದ್ದಿತು. ಹೆಂಗಸರಿಗೆ ಆಗ ಒಲಿಂಪಿಕ್ಸಿನಲ್ಲಿ ಹಾಕಿಯೇ ಇರಲಿಲ್ಲ. ಗಂಡಸರು ಅಲ್ಲಿ ಮೊದಲು ಹಾಕಿ ಆಡಿದ್ದು 1908ರಲ್ಲಿ, ಹೆಂಗಸರಿಗೆ ಬಾಗಿಲು ತೆರೆದದ್ದು 1980ರಲ್ಲಿ. ಎಪ್ಪತ್ತೆರಡು ವರ್ಷ ಹೊರಗೆ ನಿಲ್ಲಿಸಿ, ಆಮೇಲೆ 'ಇವರು ದೊಡ್ಡದಾಗಿ ಏನು ಗೆದ್ದಿದ್ದಾರೆ' ಎಂದು ಕೇಳುವುದು ಯಾವ ನ್ಯಾಯ?

ಇನ್ನು ಕೆಲವರದು ಇನ್ನೂ ನಯವಾದ ಮಾತು. 'ಹೆಣ್ಣು ಮಕ್ಕಳ ಹಾಕಿ ಯಾರು ನೋಡುತ್ತಾರೆ?' ನೋಡಿದಿರಲ್ಲ! 2021ರ ಆಗಸ್ಟ್ 2ರ ಬೆಳಿಗ್ಗೆ ಆಸ್ಟ್ರೇಲಿಯಾದ ಎದುರು ಗುರ್ಜಿತ್ ಕೌರ್ ಹೊಡೆದ ಒಂದೇ ಗೋಲಿಗೆ ಇಡೀ ದೇಶ ಕುಣಿಯಿತು. ನಮ್ಮ ಬೀದಿಯಲ್ಲಿ ಹಾಲಿನವನೂ ನಿಂತು ಕಿಟಕಿಯಿಂದ ಟೀವಿ ನೋಡಿದ. ಆ ಹುಡುಗಿಯರು ತಯಾರಾದದ್ದು ಎಲ್ಲಿ ಎಂದುಕೊಂಡಿರಿ? ನಮ್ಮ ಮಗ್ಗುಲಲ್ಲಿ. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇರುವುದು ಇದೇ ಜ್ಞಾನಭಾರತಿ ಆವರಣದಲ್ಲಿ, ನಾವು ನಾಗರಬಾವಿಯವರು ಬೆಳಿಗ್ಗೆ ಸಕ್ಕರೆ ಕಾಯಿಲೆ ಇಳಿಸಲು ನಡೆಯುತ್ತೇವಲ್ಲ, ಅದೇ ವಿಶ್ವವಿದ್ಯಾಲಯದ ಮರಗಳ ಆಚೆ. 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಅವರು ಅಲ್ಲಿಯೇ ಸಿಕ್ಕಿಹಾಕಿಕೊಂಡಿದ್ದರು. ಸುಮ್ಮನೆ ಕೂರದೆ ವ್ಯಾಯಾಮದ ಪಂಥ ಹೂಡಿ, ಊರು ಬಿಟ್ಟು ಬಂದ ಕೂಲಿ ಜನರಿಗಾಗಿ 20 ಲಕ್ಷ ರೂಪಾಯಿಗೂ ಹೆಚ್ಚು ಎತ್ತಿಕೊಟ್ಟರು. ನಾವು ಆಗ ಡಾಲ್ಗೋನಾ ಕಾಫಿ ಕಡೆಯುತ್ತಿದ್ದೆವು.

ಆ ತಂಡದಲ್ಲಿ ವಂದನಾ ಕಟಾರಿಯಾ ಎಂಬ ಹುಡುಗಿ ಇದ್ದಳು. ಹರಿದ್ವಾರದ ಹತ್ತಿರದ ರೋಶನಾಬಾದಿನವಳು. 2021ರ ಮೇ ತಿಂಗಳಲ್ಲಿ ಅವಳ ತಂದೆ ತೀರಿಕೊಂಡಾಗ ಅವಳು ಇದ್ದದ್ದು ಇಲ್ಲಿ, ಬೆಂಗಳೂರಿನ ಶಿಬಿರದಲ್ಲಿ. ಕೋವಿಡ್ ಕಾಲ, ಹೋಗಲಾಗಲಿಲ್ಲ. ಕೊನೆಯ ಮುಖ ನೋಡಲಿಲ್ಲ. ಎರಡು ತಿಂಗಳು ಕಳೆದು, ಜುಲೈ 31ರಂದು ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾದ ಎದುರು ಮೂರು ಗೋಲು ಹೊಡೆದಳು. 4-3ರಲ್ಲಿ ನಾವು ಗೆದ್ದ ಪಂದ್ಯ ಅದು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಹೆಣ್ಣು ಮಗಳು ಅವಳು. ನಾಲ್ಕು ದಿನವಾಗಿ ಸೆಮಿಫೈನಲಿನಲ್ಲಿ ಅರ್ಜೆಂಟೀನಾದ ಎದುರು ಸೋತದ್ದೇ ತಡ, ಅವಳ ಊರಿನ ಮನೆಯ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಬೈದವರಿಗೆ ಒಂದನ್ನು ಮಾತ್ರ ಮಾಡಲಾಗಲಿಲ್ಲ. ಬರೆದದ್ದನ್ನು ಅಳಿಸಲಾಗಲಿಲ್ಲ. 2025ರ ಏಪ್ರಿಲಿನಲ್ಲಿ ಅವಳು ನಿವೃತ್ತಿಯಾದಾಗ ಲೆಕ್ಕ ಸ್ಪಷ್ಟವಾಗಿತ್ತು: 320 ಪಂದ್ಯ, 158 ಗೋಲು. ಈ ದೇಶದಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣು ಮಗಳೂ ಅಷ್ಟು ಪಂದ್ಯ ಆಡಿರಲಿಲ್ಲ. ಯಾರು ಎಷ್ಟೇ ಕಿರುಚಿದರೂ ಆ ಸಂಖ್ಯೆ ಕದಲುವುದಿಲ್ಲ. ಎಲ್ವೆರಾ, ರೀಟಾ, ಮೇ ಅವರ ಕಾಲದ ಹುಡುಗಿಯರಿಗೆ ಈ ರಕ್ಷಣೆ ಇರಲಿಲ್ಲ. ಅವರ ಬಗ್ಗೆ ಒಳ್ಳೆಯ ಮಾತು ಆಡಬಹುದು, ಆಡದೆಯೂ ಇರಬಹುದು, ಎರಡೂ ಹೇಳುವವರ ಔದಾರ್ಯಕ್ಕೆ ಬಿಟ್ಟದ್ದು.

ದೇಶದ ಮಾತು ಆಯಿತು, ಈಗ ನಮ್ಮ ಬಡಾವಣೆಗೆ ಬರೋಣ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ತಾಯಿ ಗಾರ್ಮೆಂಟ್ಸ್ ಕೆಲಸ, ತಂದೆ ಆಟೋ. ನಮ್ಮ ಶಾಲೆಯದು ಅರ್ಧ ಮೈದಾನ, ಕೆಮ್ಮಣ್ಣು, ಮಳೆ ಬಂದರೆ ಗದ್ದೆ. ಆ ಮಣ್ಣಿನಲ್ಲೇ ಅವಳು ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಓಡುತ್ತಿದ್ದಳು. ಒಂದು ಅಂತರಶಾಲಾ ಪಂದ್ಯಾವಳಿಯಲ್ಲಿ ನಾಲ್ಕು ಪಂದ್ಯಗಳಿಂದ ಏಳು ಗೋಲು ಹೊಡೆದಳು. ಬೌಂಡರಿ ಗೆರೆಯ ಹತ್ತಿರ ಕೂತು ನಾನೇ ಎಣಿಸಿದ್ದು. ಮರುದಿನ ಒಂದು ಪತ್ರಿಕೆಯಲ್ಲಿ ವರದಿ ಬಂತು. ಹುಡುಗರ ತಂಡದಲ್ಲಿ ಯಾರು ಎಷ್ಟನೆ ನಿಮಿಷದಲ್ಲಿ ಹೊಡೆದರೆಂದು ಎರಡು ಪ್ಯಾರಾ. ಕೊನೆಯಲ್ಲಿ ಒಂದೇ ವಾಕ್ಯ: 'ಬಾಲಕಿಯರ ವಿಭಾಗದಲ್ಲಿಯೂ ಪಂದ್ಯಗಳು ನಡೆದವು.' ನಡೆದವು! ಮಳೆ ಬಂದ ಹಾಗೆ, ಕರೆಂಟು ಹೋದ ಹಾಗೆ, ತಮ್ಮಷ್ಟಕ್ಕೆ ನಡೆದವು.

ಪ್ರಮಾಣಪತ್ರವೂ ಅದೇ ಜಾತಿ. ಚಿನ್ನದ ಬಣ್ಣದ ಅಂಚು, ಮಂತ್ರಿಗಳ ಹೆಸರು ದಪ್ಪಕ್ಷರದಲ್ಲಿ, ಕೆಳಗೆ 'ಭಾಗವಹಿಸಿರುತ್ತಾಳೆ'. ಎರಡು ವರ್ಷದ ಮೇಲೆ ಅವಳು ಕ್ರೀಡಾ ಕೋಟಾದಲ್ಲಿ ಸೀಟು ಕೇಳಿಕೊಂಡು ಒಂದು ಕಾಲೇಜಿಗೆ ಹೋದಾಗ, ಮೇಜಿನ ಆಚೆಯವರು ಆ ಕಾಗದ ನೋಡಿ 'ಭಾಗವಹಿಸಿದವರು ಸಾವಿರ ಜನ ಇದ್ದಾರಮ್ಮ, ನೀನು ಮಾಡಿದ್ದೇನು?' ಎಂದರಂತೆ. ಏಳು ಗೋಲು ಎಂದಳು. 'ಎಲ್ಲಿ ಬರೆದಿದೆ?' ಎಂದರು. ಆ ಪಂದ್ಯಾವಳಿ ನಡೆಸಿದವರಲ್ಲಿಗೆ ನಾನೇ ಹೋಗಿ ಕೇಳಿದೆ. ಹುಡುಗರ ಸ್ಕೋರ್ ಶೀಟು ಫೈಲಿನಲ್ಲಿತ್ತು. ಹುಡುಗಿಯರದು ಇರಲಿಲ್ಲ. ಹುಡುಗಿ ಈಗ ಅಮ್ಮನ ಜೊತೆ ಅದೇ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಲ್ಲಿ ಗಂಟೆಗೆ ಎಷ್ಟು ಕಾಲರು ಹೊಲಿದಳೆಂಬ ಲೆಕ್ಕವನ್ನು ಮಾತ್ರ ಬಹಳ ಶಿಸ್ತಾಗಿ ಬರೆದಿಡುತ್ತಾರೆ.

'ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ' ಎಂಬ ಉಪದೇಶವನ್ನು ನಾನು ಮೂವತ್ತು ವರ್ಷದಿಂದ ಕ್ರೀಡಾ ದಿನದ ಭಾಷಣಗಳಲ್ಲಿ ಕೇಳುತ್ತಿದ್ದೇನೆ. ಹುಡುಗರ ತಂಡ ಫೈನಲಿಗೆ ಹೋದಾಗ ಈ ಮಾತನ್ನು ಯಾರೂ ಹೇಳಿದ್ದು ಕೇಳಿಲ್ಲ.

ಪತ್ರಿಕೆ, ಶಾಲೆ, ಮಂತ್ರಿ ಎಂದು ಹೊರಗಿನವರನ್ನೇ ಬೈದರೆ ಸಾಲದು. ನಮ್ಮ ಮನೆಯೊಳಗೆ ಬನ್ನಿ. ಮಗಳು ಏಳನೆಯ ತರಗತಿಯವರೆಗೆ ಆಡಲಿ, ಚೆನ್ನ. ದೊಡ್ಡವಳಾದಳೋ, 'ಬಿಸಿಲಿಗೆ ಕಪ್ಪಾಗುತ್ತಾಳೆ, ಮೊಣಕಾಲು ಗಾಯ ಮಾಡಿಕೊಂಡರೆ ನಾಳೆ ನೋಡಲು ಬಂದವರು ಏನಂತಾರೆ' ಎಂದು ಪಿ.ಟಿ. ಪೀರಿಯಡ್ಡಿಗೆ ಚೀಟಿ ಬರೆದು ಕಳಿಸುವವರು ಅಪ್ಪಂದಿರಲ್ಲ, ತಾಯಂದಿರು. ನನ್ನ ಕೈಗೆ ಬಂದ ಆ ಚೀಟಿಗಳನ್ನೆಲ್ಲ ಕೂಡಿಟ್ಟಿದ್ದರೆ ಅದೇ ಒಂದು ಆಲ್ಬಮ್ ಆಗುತ್ತಿತ್ತು. ಮದುವೆಯ ಆಲ್ಬಮ್ಮಿಗೆ ಲಕ್ಷ ಸುರಿಯುತ್ತೇವೆ, ಮಗಳ ಕಬಡ್ಡಿ ಪದಕ ಹಳೆ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇರುತ್ತದೆ. ಸೊಸೆಗೆ ಎಷ್ಟು ಬಂಗಾರ ಹಾಕಿದರೆಂಬುದು ಹದಿನೈದು ವರ್ಷದ ಮೇಲೂ ಗ್ರಾಂ ತಪ್ಪದೆ ನೆನಪಿರುತ್ತದೆ. ಆ ಸೊಸೆ ಕಾಲೇಜಿನಲ್ಲಿ ಏನು ಆಡುತ್ತಿದ್ದಳೆಂದು ಎಷ್ಟು ಮಂದಿ ಅತ್ತೆಯರು ಕೇಳಿದ್ದಾರೆ? ಕೇಳಿ ನೋಡಿ. ನಿಮ್ಮ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿರುವವಳು ಒಂದು ಕಾಲದ ಸೆಂಟರ್ ಫಾರ್ವರ್ಡ್ ಇದ್ದರೂ ಇರಬಹುದು.

ಹೀಗೇ ಇರಬೇಕೆಂದು ವಿಧಿ ಬರೆದಿಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು ಕರಡ ಗ್ರಾಮದಲ್ಲಿ ಮನೆತನಗಳ ನಡುವೆ ಹಾಕಿ ಹಬ್ಬ ಶುರು ಮಾಡಿದರು. ಅರವತ್ತು ಮನೆತನಗಳಿಂದ ಹೊರಟದ್ದು 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಾಯಿತು. ಅಲ್ಲಿ ಮನೆತನದ ತಂಡವೆಂದರೆ ಗಂಡಸರ ತಂಡವಲ್ಲ. ಹೆಣ್ಣು ಮಕ್ಕಳೂ ಅದೇ ಜರ್ಸಿ ತೊಟ್ಟು ಅಣ್ಣತಮ್ಮಂದಿರ ಜೊತೆ, ಮಾವಂದಿರ ಜೊತೆ ಇಳಿಯುತ್ತಾರೆ. ಹೊಡೆದ ಗೋಲು ಮನೆತನದ ಹೆಸರಿಗೆ ಸೇರುತ್ತದೆ. ಗೋಲು ಹೊಡೆದ ಸೊಸೆಗೆ ಆ ಊರಿನಲ್ಲಿ ಮರ್ಯಾದೆ ಹೆಚ್ಚೇ ಹೊರತು ಕಡಿಮೆಯಾದದ್ದಿಲ್ಲ.

ನಾಗರಬಾವಿಯಲ್ಲಿ ಮನೆತನಗಳಿಲ್ಲ, ಮೂವತ್ತು ನಲವತ್ತರ ಸೈಟುಗಳಿವೆ. ಖಾಲಿ ಇದ್ದ ಸೈಟುಗಳಲ್ಲಿ ಹಿಂದೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಈಗ ಅವೆಲ್ಲ ನಾಲ್ಕು ಮಹಡಿ ಎದ್ದು ಕೆಳಗೆ ಕಾರು ನಿಂತಿದೆ. ಆದರೆ ಒಂದು ಇನ್ನೂರು ಪುಟದ ನೋಟ್ ಪುಸ್ತಕಕ್ಕೆ ಜಾಗವಿಲ್ಲ ಎನ್ನಬೇಡಿ. ಮೂರು ವರ್ಷದ ಹಿಂದೆ ನಮ್ಮ ಶಾಲೆಯ ಆಟದ ಕೋಣೆಯಲ್ಲಿ ಅಂತಹ ಒಂದು ಪುಸ್ತಕ ಇಟ್ಟೆ. ಗೆರೆ ಹಾಕಿದ್ದು ಆ ಕೆನಡಾದ ಕಾರ್ಡಿನ ಹಿಂಬದಿಯಂತೆಯೇ: ವರ್ಷ, ಹೆಸರು, ಆಡಿದ ಪಂದ್ಯ, ಗೋಲು, ಗೋಲಿಗೆ ಕೊಟ್ಟ ಪಾಸು. ಹಾಕಿ ಇಲ್ಲದ ತರಗತಿಗೆ ಥ್ರೋಬಾಲ್, ಖೋ ಖೋ. 'ಇನ್ನೊಂದು ರಿಜಿಸ್ಟರೇ? ಇರುವ ಹಾಜರಿ, ಬಿಸಿಯೂಟ, ದಾಖಲಾತಿ ಸಾಲದೇ?' ಎಂದು ಸಹೋದ್ಯೋಗಿಗಳು ನಕ್ಕರು. ಅಕ್ಕಿ ಎಷ್ಟು ಕೆಜಿ ಬೆಂದಿತು ಎಂದು ದಿನವೂ ಬರೆಯುವ ಕೈಗೆ ಇದು ಭಾರವಾಗದು ಎಂದೆ. ಪ್ರತಿ ಪಂದ್ಯದ ಕೊನೆಗೆ ಇಬ್ಬರು ಹುಡುಗಿಯರು ಬರೆಯುತ್ತಾರೆ, ಎದುರು ತಂಡದ ಶಿಕ್ಷಕರ ಸಹಿ ಹಾಕಿಸುತ್ತಾರೆ, ನಾನು ಶಾಲೆಯ ಮೊಹರು ಒತ್ತುತ್ತೇನೆ. ಪಾಸಿನ ಅಂಕಣದ ಬಗ್ಗೆ ದಿನಾ ಒಂದು ಜಗಳ. 'ನಾನು ಕೊಟ್ಟಿದ್ದಕ್ಕೇ ಅವಳು ಹೊಡೆದದ್ದು, ಬರೀರಿ ಮಿಸ್' ಎಂದು ಕೈ ಹಿಡಿದು ಎಳೆಯುತ್ತಾರೆ. ಈ ಜಗಳ ಕೇಳಲು ನನಗೆ ಬಹಳ ಇಷ್ಟ.

ಈ ವರ್ಷದ ಹಾಳೆಯಲ್ಲಿ ಒಂಬತ್ತನೆಯ ಬಿ ವಿಭಾಗದ ಒಬ್ಬಳದು ಹೀಗಿದೆ: ಪಂದ್ಯ 6, ಗೋಲು 4, ಪಾಸು 7. ಕಳೆದ ವಾರ ಅವಳ ತಾಯಿ ಕೆಲಸದ ಮನೆಯಿಂದ ನೇರವಾಗಿ ಶಾಲೆಗೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿಕೊಂಡರು. ಆಮೇಲೆ ಪುಸ್ತಕವನ್ನು ಎದುರಿನ ಅಂಗಡಿಗೆ ತೆಗೆದುಕೊಂಡು ಹೋಗಿ ಜೆರಾಕ್ಸ್ ಮಾಡಿಸಿದರು. ಎರಡು ಪ್ರತಿ.